ಸೆರಗಿನ ಕೀಲಿಕೈ

ಬೆಟಗೇರಿ
ಭಾನುವಾರ ರಾತ್ರಿ

ಚಿ. ಪುಟ್ಟವ್ವನಿಗೆ ದೊಡ್ಡವ್ವನ ಆಶೀರ್ವಾದಗಳು.

ನಾವೆಲ್ಲ ಇಲ್ಲಿ ಆರಾಮ ಇದ್ದೇವೆ. ನಿನ್ನೆ ನೀನು ಧಾರವಾಡದ ಹಾಸ್ಟೆಲ್‌ನಿಂದ ಫೋನ್ ಮಾಡಿದಾಗ ಒಲೆ ಮೇಲೆ ಬೇಳೆ ಉಕ್ಕುತ್ತಿತ್ತು. ಅರ್ಧ ಕೇಳಿಸಿಕೊಂಡೆ, ಅರ್ಧ ಬಿಟ್ಟೆ. "ಲೀಡರ್ ಅಂತ ಹೆಸರಿಗೆ ಮಾಡ್ಯಾರ ದೊಡ್ಡವ್ವ, ಒಬ್ಬರೂ ನನ್ನ ಮಾತ ಕೇಳಂಗಿಲ್ಲ" ಅಂದದ್ದು ಮಾತ್ರ ಚೆನ್ನಾಗಿ ಕೇಳಿಸಿತು. ಮತ್ತೆ ಫೋನ್ ಮಾಡೋಣ ಅಂದುಕೊಂಡೆ. ಆದರೆ ಫೋನಿನಲ್ಲಿ ನಾನು ಹೇಳುವುದಕ್ಕಿಂತ ನೀನು "ಹ್ಞೂಂ, ಹ್ಞೂಂ" ಅನ್ನುವುದೇ ಜಾಸ್ತಿ. ಅದಕ್ಕೇ ಹಳೆಯ ಲೆಜರ್‌ನ ಖಾಲಿ ಹಾಳೆ ಹರಿದು ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ ಇದ್ದರೆ ಸುಧಾರಿಸಿಕೋ, ಚಾಳೀಸು ಬದಲಿಸಬೇಕಾಗಿದೆ.

ಕಾಲೇಜಿನ ರಾಷ್ಟ್ರೀಯ ಸೇವಾ ಯೋಜನೆಯ, ಅಂದರೆ ಎನ್‌ಎಸ್‌ಎಸ್‌ನ, ಏಳು ದಿನದ ಕ್ಯಾಂಪು, ಐವತ್ತು ಮಂದಿ, ಹಾನಗಲ್ ತಾಲ್ಲೂಕಿನ ಹಳ್ಳಿ, ಅಡುಗೆ ಗುಂಪಿಗೆ ನೀನು ಲೀಡರ್. ಇಷ್ಟು ತಿಳಿಯಿತು. ಅಡುಗೆ ಗುಂಪು ಅಂದ ಕೂಡಲೇ ನನಗೆ ನಗು ಬಂತು, ಸ್ವಲ್ಪ ನಾಚಿಕೆಯೂ ಆಯಿತು. ಯಾಕೆ ಅಂತ ಮನೆಯಲ್ಲಿ ಇವತ್ತಿನ ತನಕ ಯಾರಿಗೂ ಹೇಳಿಲ್ಲ.

1984ರ ಮಾತು. ರೋಣ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಮ್ಮ ಕ್ಯಾಂಪು. ಆಗ ಗದಗ ಇನ್ನೂ ಧಾರವಾಡ ಜಿಲ್ಲೆಯೊಳಗೇ ಇತ್ತು, ಬೇರೆ ಜಿಲ್ಲೆ ಆಗಿದ್ದು 1997ರಲ್ಲಿ. ಅಡುಗೆ ಗುಂಪಿಗೆ ನಾನೇ ಮುಖ್ಯಸ್ಥೆ, ಕೈಕೆಳಗೆ ಎಂಟು ಮಂದಿ. ರೊಟ್ಟಿ ಊರಿನ ಮನೆಗಳಿಂದ ಬರುತ್ತಿದ್ದವು. ಅನ್ನ, ಸಾರು, ಪಲ್ಯ ನಮ್ಮದು. ಕಾಳುಕಡಿ ಇಟ್ಟ ಕೋಣೆಯ ಕೀಲಿಕೈ ನನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದೆ. ನಡೆದರೆ ಮೊಣಕಾಲಿಗೆ ಬಡಿಯುತ್ತಿತ್ತು. ಆ ಬಡಿತ ನನಗೆ ಭಾರಿ ಖುಷಿ ಕೊಡುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಎಷ್ಟು ಅಕ್ಕಿ, ಎಷ್ಟು ಉಪ್ಪು, ಯಾರು ಉಳ್ಳಾಗಡ್ಡಿ ಹೆಚ್ಚಬೇಕು, ಯಾವ ಒಲೆ ಮೊದಲು ಹಚ್ಚಬೇಕು, ಎಲ್ಲಾ ನಾನೇ ಹೇಳಬೇಕು. ಮೂರು ದಿನ ಊಟ ಟೈಮಿಗೆ ಸರಿಯಾಗಿ ಆಯಿತು. ಮಾಸ್ತರು ಎಲ್ಲರ ಮುಂದೆ ಹೊಗಳಿದರು.

ನಾಲ್ಕನೇ ದಿನ ಕಾಯಿಪಲ್ಯ ತರಲು ನಾನು ಗದಗಕ್ಕೆ ಹೋದೆ. ಅವತ್ತಿನ ಅಕ್ಕಿ, ಬೇಳೆ ಅಳೆದು ಹೊರಗೇ ಇಟ್ಟು ಹೋಗಿದ್ದೆ. ಬರುವಾಗ ಬಸ್ಸು ಕೆಟ್ಟು ನಿಂತಿತು. ಮುಟ್ಟಿದಾಗ ಸಂಜೆ ನಾಲ್ಕು ಗಂಟೆ. ಶಾಲೆಯ ಹಿಂದೆ ಹೋಗಿ ನೋಡಿದರೆ ಮೂರೂ ಒಲೆ ತಣ್ಣಗೆ. ಅಕ್ಕಿ ಇಟ್ಟ ಜಾಗದಲ್ಲೇ ಇದೆ, ಮೇಲೆ ಮುಚ್ಚಿದ ತಾಟೂ ಹಾಗೇ ಇದೆ. ಬೆಳಿಗ್ಗೆಯಿಂದ ಗುದ್ದಲಿ ಹಿಡಿದಿದ್ದ ಹುಡುಗರು ರೊಟ್ಟಿಗೆ ಕೆಂಪು ಖಾರ ಹಚ್ಚಿಕೊಂಡು, ಉಳ್ಳಾಗಡ್ಡಿ ಕಚ್ಚಿಕೊಂಡು ತಿಂದು ಮಲಗಿದ್ದರು. ನನ್ನ ಗುಂಪಿನ ಎಂಟೂ ಮಂದಿ ಕಟ್ಟೆ ಮೇಲೆ ಕೂತಿದ್ದರು.

"ಯಾಕ ಅಡಗಿ ಮಾಡಲಿಲ್ಲ?" ಅಂತ ಚೀರಿದೆ.

ಒಬ್ಬಳು ಎದ್ದು ನಿಂತು ಮೆತ್ತಗೆ, "ನೀವು ಹೇಳಿರಲಿಲ್ಲಲ್ರಿ" ಅಂದಳು.

ವ್ಯಂಗ್ಯ ಇರಲಿಲ್ಲ ಆ ಮಾತಿನಲ್ಲಿ. ನಿಜವಾಗಿ ಹೇಳಿದಳು. ಎಷ್ಟೋ ವರ್ಷ ನಾನು ಆ ಎಂಟು ಮಂದಿಯ ಮೇಲೆ ಸಿಟ್ಟು ಇಟ್ಟುಕೊಂಡಿದ್ದೆ, ಕೆಲಸಗಳ್ಳರು ಅಂತ.

ಆಮೇಲೆ ನೇಕಾರರ ಸಂಘದಲ್ಲಿ ಕೆಲಸಕ್ಕೆ ಸೇರಿದೆ. ಸಹಕಾರ ತರಬೇತಿಗೆ ಅಂತ ಕಳಿಸಿದ್ದರು. ಅಲ್ಲಿ ಪಾಠ ಹೇಳಿದವರು ಅಮೆರಿಕದ ಒಂದು ಪ್ರಯೋಗದ ಕತೆ ಹೇಳಿದರು. ಅಯೋವಾದಲ್ಲಿ ಕುರ್ಟ್ ಲೆವಿನ್, ರೊನಾಲ್ಡ್ ಲಿಪಿಟ್, ರಾಲ್ಫ್ ವೈಟ್ ಅನ್ನುವ ಮೂವರು ಹತ್ತು ವರ್ಷದ ಹುಡುಗರನ್ನು ಐದೈದು ಮಂದಿಯ ಗುಂಪು ಮಾಡಿ ಮುಖವಾಡ ಮಾಡುವಂಥ ಕೈಕೆಲಸ ಕೊಟ್ಟರು. ಒಂದು ಬಗೆಯ ಮುಖಂಡ ಪ್ರತಿ ಹೆಜ್ಜೆಗೂ ಅಪ್ಪಣೆ ಕೊಡುವವನು. ಇನ್ನೊಂದು ಬಗೆಯವನು ಹುಡುಗರ ಜೊತೆ ಕೂತು, ಏನು ಮಾಡೋಣ ಅಂತ ಕೇಳಿ ನಿರ್ಧರಿಸುವವನು. ಮೂರನೆಯವನು ಸುಮ್ನೆ ಕೂರುವವನು, ಏನಾದರೂ ಮಾಡಿಕೊಳ್ಳಲಿ ಅಂತ. 1939ರಲ್ಲಿ ಅದರ ವರದಿ ಬಂತು. ಮುಖಂಡ ಕೋಣೆಯಿಂದ ಹೊರಗೆ ಹೋದಾಗ ಏನಾಯಿತು ಅಂತಲೂ ಅವರು ನೋಡಿದ್ದರು. ಅಪ್ಪಣೆಯ ಗುಂಪಿನಲ್ಲಿ ಕೆಲಸ ಬಿದ್ದುಹೋಯಿತು. ಕೂಡಿ ನಿರ್ಧರಿಸಿದ ಗುಂಪಿನಲ್ಲಿ ನಡೆದೇ ಇತ್ತು.

ಇದನ್ನು ಕೇಳುವಾಗ ನನಗೆ ಮುಚ್ಚಿದ ತಾಟು ಕಣ್ಣ ಮುಂದೆ ಬಂತು. ಪಾಠ ಮುಗಿದ ಮೇಲೆ ಎಲ್ಲರೂ ಚಹಾಕ್ಕೆ ಹೋದರು, ನಾನು ಹೋಗಲಿಲ್ಲ.

ಆದರೆ ಪುಟ್ಟವ್ವ, ಇಷ್ಟು ಕೇಳಿ "ಹಂಗಾರ ಅಪ್ಪಣೆ ಕೊಡೋದು ಕೆಟ್ಟದ್ದು" ಅಂತ ತಿಳಿದುಕೊಳ್ಳಬೇಡ. ನಿಮ್ಮ ಪುಸ್ತಕದಲ್ಲಿ ನಿರಂಕುಶ, ಪ್ರಜಾಸತ್ತಾತ್ಮಕ ಅಂತ ಹೆಸರು ಹಾಕಿ, ಒಂದಕ್ಕೆ ರಾಕ್ಷಸನ ಮುಖ, ಇನ್ನೊಂದಕ್ಕೆ ದೇವರ ಮುಖ ಬರೆದಿರುತ್ತಾರೆ. ಮುಖಂಡ ಎದುರಿಗಿದ್ದಾಗ ಅಪ್ಪಣೆಯ ಗುಂಪು ಕೆಲಸವನ್ನೇನು ಕಡಿಮೆ ಮಾಡಲಿಲ್ಲ, ಸ್ವಲ್ಪ ಜಾಸ್ತಿಯೇ ಮಾಡಿತ್ತು. ಎಲ್ಲಕ್ಕಿಂತ ಹಿಂದೆ ಬಿದ್ದದ್ದು ಸುಮ್ನೆ ಬಿಟ್ಟ ಗುಂಪು. ನಿನ್ನಂಥ ಒಳ್ಳೆಯ ಹುಡುಗಿಯರು ಜಾರಿ ಬೀಳುವುದು ಅಲ್ಲೇ. ಯಾರಿಗೂ ಬೇಜಾರಾಗಬಾರದು ಅಂತ ಯಾರಿಗೂ ಏನೂ ಹೇಳುವುದಿಲ್ಲ. ಕೊನೆಗೆ ಪಾತ್ರೆ ಎಲ್ಲಾ ನೀನೇ ತಿಕ್ಕುತ್ತಾ ಕೂರುತ್ತೀಯ. ಇನ್ನೊಂದು ವಿಷಯ, ಆ ಪ್ರಯೋಗದಲ್ಲಿ ಅದೇ ಮುಖಂಡರು ಸರದಿ ಮೇಲೆ ಬೇರೆ ಬೇರೆ ರೀತಿ ನಡೆದುಕೊಂಡಿದ್ದರು. ಅಂದರೆ ಇದು ಹುಟ್ಟುಗುಣ ಅಲ್ಲ. ಬದಲಿಸಬಹುದು. "ನಾ ಹಿಂಗ ಅದೀನಿ" ಅನ್ನುವ ನೆಪ ನಡೆಯುವುದಿಲ್ಲ.

ಯಾವಾಗ ಯಾವುದು? ನಿನಗೆ ರೊಟ್ಟಿ ಬಡಿಯೋದು ಕಲಿಸಿದ್ದು ನೆನಪಿದೆಯಾ? ಮೊದಲ ಸಲ ಎಲ್ಲಾ ನಾನೇ ಹೇಳಿದೆ. ನೀರು ಕುದಿಯಲಿ, ಈಗ ಹಿಟ್ಟು ಹಾಕು, ಈಗ ನಾದು. ಅವತ್ತು "ನಿನ್ನ ಅಭಿಪ್ರಾಯ ಏನು?" ಅಂತ ಕೇಳಿದ್ದರೆ ನೀನು ಕೈ ಸುಟ್ಟುಕೊಳ್ಳುತ್ತಿದ್ದೆ. ಆಮೇಲೆ ನಿನ್ನ ರೊಟ್ಟಿಯ ಅಂಚು ಸೀಳತೊಡಗಿತು. ನೀನು ಸಿಟ್ಟಿನಿಂದ ಮುದ್ದೆ ಮಾಡಿ ಒಗೆದೆ. ಆಗ ಅಪ್ಪಣೆ ಸಾಕಾಗಲಿಲ್ಲ. ನೀರು ಆರಿತ್ತು, ಹಿಟ್ಟಿಗೆ ಜಿಗಿ ಬರಲಿಲ್ಲ, ಅದಕ್ಕೇ ಸೀಳುತ್ತದೆ ಅಂತ ಕಾರಣ ಹೇಳಿ ಮತ್ತೆ ಕೂರಿಸಬೇಕಾಯಿತು. ಆಮೇಲಾಮೇಲೆ ನೀನು ಬಡಿಯುವುದು, ನಾನು ಹಂಚಿನ ಮೇಲೆ ಹಾಕಿ ನೀರಿನ ಅರಿವೆ ಸವರುವುದು, ಇಬ್ಬರೂ ಕೂಡಿ. ಹೋದ ದೀಪಾವಳಿಯಲ್ಲಿ ನಾನು ಅಡುಗೆಮನೆಗೆ ಕಾಲೇ ಇಡಲಿಲ್ಲ. ನಲವತ್ತು ರೊಟ್ಟಿ ನೀನೇ ಮಾಡಿದೆ. ಅಮೆರಿಕದ ಹರ್ಸಿ, ಬ್ಲಾಂಚರ್ಡ್ ಅನ್ನುವ ಇಬ್ಬರು 1969ರಲ್ಲಿ ಬರೆದದ್ದರ ತಿರುಳೂ ಹೆಚ್ಚು ಕಡಿಮೆ ಇದೇ. ಎದುರಿಗಿರುವವನಿಗೆ ಆ ಕೆಲಸ ಎಷ್ಟು ಬರುತ್ತದೆ, ಮಾಡಲು ಎಷ್ಟು ಮನಸ್ಸಿದೆ ಅಂತ ನೋಡಿ ನಿನ್ನ ರೀತಿ ಬದಲಿಸು. ಅದೇ ವರ್ಷ ಇಲ್ಲಿ ಎನ್‌ಎಸ್‌ಎಸ್ ಹುಟ್ಟಿತು, ಅದಕ್ಕೇ ನನಗೆ ಇಸವಿ ನೆನಪಿದೆ.

ನಿನ್ನ ಗುಂಪಿನಲ್ಲಿ ಒಬ್ಬ ಹುಡುಗನ ಮನೆಯಲ್ಲಿ ಖಾನಾವಳಿ ಇದೆ ಅಂದೆಯಲ್ಲ? ಅವನಿಗೆ ಸಾರಿನ ಅಳತೆ ಹೇಳಿಕೊಡಲು ಹೋಗಬೇಡ. ಎರಡು ಒಲೆ ಅವನಿಗೆ ಒಪ್ಪಿಸಿ ಬಿಡು. ಒಲೆ ಹಚ್ಚಿ ಗೊತ್ತಿಲ್ಲದ ಹುಡುಗಿಗೆ ಮಾತ್ರ ಪಕ್ಕದಲ್ಲೇ ನಿಂತು ಹೇಳು. ಸಿಲಿಂಡರ್ ವಾಸನೆ ಬಂದರೆ ಚರ್ಚೆ ಇಲ್ಲ, "ಎಲ್ಲರೂ ಹೊರಗ ನಡೀರಿ" ಅಷ್ಟೇ.

ಎರಡನೇ ದಿನವೋ ಮೂರನೇ ದಿನವೋ ಬಕೆಟ್ ಸಲುವಾಗಿ ಜಗಳ ಆಗುತ್ತದೆ. ಹೆದರಬೇಡ. ಟಕ್‌ಮನ್ ಅನ್ನುವವರು 1965ರಲ್ಲೇ ಬರೆದಿಟ್ಟಿದ್ದಾರೆ, ಗುಂಪು ಅಂದಮೇಲೆ ಮೊದಲು ಸೇರುತ್ತದೆ, ಆಮೇಲೆ ಜಗಳಾಡುತ್ತದೆ, ಆಮೇಲೆ ಹೊಂದಿಕೊಂಡು ಕೆಲಸಕ್ಕೆ ಹತ್ತುತ್ತದೆ ಅಂತ. ಹೊಸ ಸೊಸೆ ಬಂದ ಮನೆ ನೋಡಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇನ್ನು ಮಾತು. ನಿನ್ನ ವಾಟ್ಸಾಪ್ ಗ್ರೂಪಿನ ಫೋಟೋ ನಿನ್ನ ತಂಗಿ ತೋರಿಸಿದಳು. ರಾತ್ರಿ ಹನ್ನೊಂದಕ್ಕೆ "ನಾಳೆ ಯಾರಾದರೂ ಬೇಗ ಬಂದು ಪಾತ್ರೆ ಲಿಸ್ಟ್ ಮಾಡಿ ಪ್ಲೀಸ್" ಅಂತ ಹಾಕಿದ್ದೀಯ. ಯಾರಾದರೂ ಅಂದರೆ ಯಾರು? ಬೇಗ ಅಂದರೆ ಎಷ್ಟಕ್ಕೆ? ಎಲ್ಲರದ್ದೂ ನೀಲಿ ಟಿಕ್ ಬಂದಿದೆ. ನೀಲಿ ಟಿಕ್ ಅಂದರೆ ಓದಿದ್ದಾರೆ ಅಂತ, ಒಪ್ಪಿದ್ದಾರೆ ಅಂತ ಅಲ್ಲ. ಒಬ್ಬರ ಹೆಸರು ಹಿಡಿದು, ಮುಖ ನೋಡಿ ಹೇಳು. "ನೀನು ನಾಳೆ ಎಂಟಕ್ಕೆ ಬಂದು ಪಾತ್ರೆ ಎಣಿಸಿ ಬರಿ, ಒಂಬತ್ತಕ್ಕೆ ನನಗ ತೋರಸು." ಕೊನೆಗೆ "ತಿಳೀತಾ?" ಅಂತ ಕೇಳಬೇಡ. ಹಾಗೆ ಕೇಳಿದರೆ ಲೋಕವೇ "ಹ್ಞೂಂ" ಅನ್ನುತ್ತದೆ. "ಈಗ ನಾಳೆ ಏನ ಮಾಡ್ತಿ, ಹೇಳು" ಅನ್ನು. ಅವರ ಬಾಯಿಂದ ಬಂದದ್ದು ಕೇಳಿದಾಗ ಗೊತ್ತಾಗುತ್ತದೆ, ನೀನು ಹೇಳಿದ್ದೇ ಬೇರೆ, ಅವರ ತಲೆಗೆ ಹೋದದ್ದೇ ಬೇರೆ.

ತಡವಾಗಿ ಬರುವವನಿಗೆ "ನಿಂದು ಯಾವಾಗಲೂ ಇದೇ ಹಾಡು" ಅಂದರೆ ಅವನು ತಾನು ಬೇಗ ಬಂದ ಎರಡು ದಿನದ ಲೆಕ್ಕ ತೆಗೆಯುತ್ತಾನೆ. ಪಕ್ಕಕ್ಕೆ ಕರೆದು, "ಆರಕ್ಕೆ ಬರಬೇಕಿತ್ತು, ಏಳಕ್ಕೆ ಬಂದಿ, ಹದಿನೈದು ಮಂದಿ ನಾಷ್ಟಾ ಇಲ್ಲದೆ ಕೆಲಸಕ್ಕ ಹೋದ್ರು" ಅನ್ನು. ಆಮೇಲೆ ಬಾಯಿ ಮುಚ್ಚಿಕೊಂಡಿರು. ಆ ಸುಮ್ಮನಿರುವುದೇ ಕಷ್ಟ, ನನಗೆ ಈಗಲೂ ಬರುವುದಿಲ್ಲ.

"ಹುಡುಗಿ ಹೇಳಿದ್ದು ಏನ ಕೇಳೂದು" ಅಂತ ಒಬ್ಬ ಅಂದನಂತೆ. ಅದಕ್ಕೆ ಅವನಿಗಿಂತ ದೊಡ್ಡ ದನಿ ತೆಗೆಯಬೇಡ. ನಮ್ಮ ಸಂಘದ ವಾರ್ಷಿಕ ಸಭೆಯಲ್ಲಿ ಒಮ್ಮೆ ವಯಸ್ಸಾದ ನೇಕಾರರೊಬ್ಬರು ಎದ್ದು ನನ್ನ ಮೇಲೆ ಹರಿಹಾಯ್ದರು. ನೂಲು ತಡವಾಗಿ ಬಂದಿತ್ತು, ಮಗ್ಗ ಹದಿನೈದು ದಿನ ಖಾಲಿ ನಿಂತಿತ್ತು. ಹೆಣ್ಣುಮಗಳನ್ನ ಕೂಡ್ರಿಸಿದರ ಹಿಂಗ ಆಗತೈತಿ ಅಂತಲೂ ಅಂದರು. ನನಗೆ ಕೈ ನಡುಗುತ್ತಿತ್ತು. ನಡುಕ ಕಾಣಬಾರದು ಅಂತ ಪೆನ್ನು ಹಿಡಿದು ಅವರು ಹೇಳಿದ್ದನ್ನೆಲ್ಲಾ ಬರೆಯುತ್ತಾ ಹೋದೆ. ಅವರು ನಿಲ್ಲಿಸಿದ ಮೇಲೆ ಎದ್ದು, "ನೀವು ಹೇಳಿದ್ದು ಇದ ಹೌದಲ್ರಿ ಕಾಕಾ?" ಅಂತ ಓದಿದೆ. ನೂಲು ಇಂಥ ದಿನ ಬರಬೇಕಿತ್ತು, ಇಂಥ ದಿನ ಬಂತು, ಕೂಲಿ ಇಷ್ಟು ಹೋಯಿತು. ಹೆಣ್ಣುಮಗಳ ಮಾತು ಮಾತ್ರ ಓದಲಿಲ್ಲ, ಬಿಟ್ಟೆ. ಅವರು ಸ್ವಲ್ಪ ಹೊತ್ತು ನಿಂತು, "ಹೌದ್ರಿ, ಇದನ್ನ ಹೇಳಿದ್ದು" ಅಂದು ಕೂತರು. ಅವತ್ತು ನನಗೆ ಬೇರೆ ಉತ್ತರ ಇರಲಿಲ್ಲ. ಅವರೂ ಉತ್ತರಕ್ಕೆ ಎದ್ದಿರಲಿಲ್ಲ.

ಲೆಕ್ಕದ ವಿಷಯ ಒಂದು ಹೇಳಿಬಿಡುತ್ತೇನೆ, ಇದು ನನ್ನ ಕಸುಬು. ಗದಗಿನ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಸಹಕಾರ ಸಂಘ ಅಂತ ಹೆಸರಾದ ಸಂಘ ಕಟ್ಟಿದರು. ರೈತ ತನ್ನ ದುಡ್ಡನ್ನು ಊರಿನ ಪೆಟ್ಟಿಗೆಗೆ ಹಾಕಬೇಕಾದರೆ ಬರೀ ಭಾಷಣ ಸಾಲುವುದಿಲ್ಲ, ಪೆಟ್ಟಿಗೆಯೊಳಗೆ ಏನಿದೆ ಅಂತ ಅವನಿಗೆ ಗೊತ್ತಿರಬೇಕು. ನೀನು ದಿನಾ ರಾತ್ರಿ ಊಟ ಆದಮೇಲೆ ಎರಡು ನಿಮಿಷ ನಿಂತು ಓದು. ಇವತ್ತು ಎಣ್ಣೆಗೆ ಇಷ್ಟು, ಕಾಯಿಪಲ್ಯಕ್ಕೆ ಇಷ್ಟು, ಉಳಿದದ್ದು ಇಷ್ಟು. ನಾಳೆ ಪಲ್ಯ ಕಡಿಮೆ ಆದರೂ ಯಾರೂ ನಿನ್ನ ಕಡೆ ಬೆರಳು ತೋರಿಸುವುದಿಲ್ಲ.

ಊರಿನವರ ಜೊತೆ ಮಾತಾಡುವುದು ಬೇರೆಯೇ ವಿದ್ಯೆ. ನಮ್ಮ ಕ್ಯಾಂಪಿನಲ್ಲಿ ಮಣ್ಣಿನ ರಸ್ತೆ ಪಕ್ಕಕ್ಕೆ ಗಟಾರ ತೋಡುವ ಕೆಲಸ ಇತ್ತು. ಎರಡು ದಿನ ತೋಡಿದೆವು. ಬೇವಿನ ಗಿಡದ ಕೆಳಗೆ ಒಬ್ಬ ಅಜ್ಜ ದಿನಾ ಕೂತು ನೋಡುತ್ತಿದ್ದ. ಮೂರನೇ ದಿನ ನಾನು ನೀರು ಕೊಡಲು ಹೋದಾಗ, "ಮಳಿ ನೀರು ಆ ಕಡಿಂದ ಬರತೈತಿ ತಂಗಿ, ನೀವು ಈ ಕಡಿ ತೋಡಾಕತ್ತೀರಿ" ಅಂದ. ಮೊದಲೇ ಹೇಳಬಾರದಿತ್ತಾ ಅಜ್ಜ ಅಂದೆ. "ಯಾರು ಕೇಳಿದ್ರಿ?" ಅಂದ.

ಹೋದ ದಿನವೇ ಮೈಕ್ ಹಿಡಿಯಬೇಡಿ. ಹಿರಿಯರ ಕಟ್ಟೆಗೆ ಹೋಗಿ, ಕೆಳಗೆ ಕೂತು, ಚಹಾ ಕೊಟ್ಟರೆ ಕುಡಿದು, ಕೇಳಿ. ನಿಮ್ಮ ಬ್ಯಾನರ್ ಮೇಲಿನ "ಪರಿಸರ ಸಂರಕ್ಷಣಾ ಜನಜಾಗೃತಿ ಅಭಿಯಾನ" ಓದುವಷ್ಟರಲ್ಲಿ ಆಕಳು ಮನೆ ಸೇರುತ್ತದೆ. ನೀವು ಹೋಗುವ ಅದೇ ತಾಲ್ಲೂಕಿನ ಕುಸನೂರಿನಲ್ಲಿ 1987ರಲ್ಲಿ ಜನ ಊರಿನ ಸಾಮೂಹಿಕ ಜಮೀನಿನಲ್ಲಿ ಹಚ್ಚಿದ್ದ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಆ ಸತ್ಯಾಗ್ರಹದ ಹೆಸರು "ಕಿತ್ತಿಕೊ ಹಚ್ಚಿಕೊ". ಎರಡೇ ಮಾತು. ಏನು ಮಾಡಬೇಕು ಅಂತ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹಳ್ಳಿಯಲ್ಲಿ ವಯಸ್ಸಾದವರು ಸಿಕ್ಕರೆ ಕೇಳು, ನೆನಪಿದ್ದವರು ಇರಬಹುದು.

ರಾತ್ರಿ ಬಹಳ ಆಯಿತು. ಕರೆಂಟು ಎರಡು ಸಲ ಹೋಗಿ ಬಂತು. ಬುಧವಾರ ನಿನ್ನ ಕಾಕಾ ಧಾರವಾಡಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಐವತ್ತು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಳಿಸುತ್ತೇನೆ. ಜೊತೆಗೆ ಒಂದು ಬೀಗ ಇಟ್ಟಿದ್ದೇನೆ, ಕಾಳುಕಡಿ ಕೋಣೆಗೆ. ಅದಕ್ಕೆ ಮೂರು ಕೀಲಿಕೈ ಇವೆ. ಒಂದು ನಿನಗೆ, ಒಂದು ಖಾನಾವಳಿ ಹುಡುಗನಿಗೆ. ಮೂರನೆಯದು ಯಾರಿಗೆ ಅಂತ ಗುಂಪಿನವರನ್ನೇ ಕೇಳು.

ಚಟ್ನಿ ಡಬ್ಬಿ ವಾಪಸ್ ಕಳಿಸು. ಹೋದ ಸಲದ ಎರಡು ಇನ್ನೂ ನಿನ್ನ ಹತ್ತಿರವೇ ಇವೆ.

ನಿನ್ನ,
ದೊಡ್ಡವ್ವ