ದೋಸೆಹಿಟ್ಟಿನ ವ್ಯಾನಿಗೆ ದಾರಿ

ಮಾಟುಂಗಾ, ಮುಂಬಯಿ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

ದೋಸೆಹಿಟ್ಟಿನ ವ್ಯಾನು ಇಲ್ಲಿಂದ ಹೊರಟು ಸಯಾನ್, ಚೆಂಬೂರು, ವಾಶಿಯ 40 ಅಂಗಡಿ ಸುತ್ತಿ ಬರುವ ದಾರಿಯನ್ನು ಜೆನೆಟಿಕ್ ಅಲ್ಗಾರಿದಮ್‌ನಿಂದ ಹುಡುಕುತ್ತೇನೆ ಅಂತ ಪುಣೆಯಿಂದ ಬರೆದಿದ್ದೀ. ಜೀವವಿಕಾಸದ ಹಾಗೆ, ಅಂಗಡಿ ಸುತ್ತುವ ಹಲವು ಸರದಿಗಳನ್ನು ಬೆರೆಸಿ, ಬದಲಿಸಿ, ಒಳ್ಳೆಯವನ್ನು ಆರಿಸುತ್ತ ತಲೆಮಾರಿನಿಂದ ತಲೆಮಾರಿಗೆ ಹೋಗುವ ವಿಧಾನ ಅದು. ಒಳ್ಳೆಯ ಪ್ರಾಜೆಕ್ಟು. 40 ಅಂಗಡಿಗೆ ಎಷ್ಟು ಸರದಿ ಸಾಧ್ಯ ಅಂದರೆ 48 ಅಂಕಿಯ ಸಂಖ್ಯೆ. ಒಂದೊಂದಾಗಿ ನೋಡಿ ಮುಗಿಯುವ ಮಾತಲ್ಲ.

ಮೊದಲು ಫಿಟ್‌ನೆಸ್ ಫಂಕ್ಷನ್, ಅಂದರೆ ಒಂದು ಸರದಿ ಎಷ್ಟು ಒಳ್ಳೆಯದು ಅಂತ ಅಳೆಯುವ ಸೂತ್ರ, ಅದನ್ನು ಹಿಡಿದು ಕೂರು. ತಡವಾದ ಅಂಗಡಿಗೆ ತಲಾ ಇಷ್ಟು ಅಂತ ಒಂದೇ ದಂಡ ಹಾಕಿದೆಯೋ, ಕೆಟ್ಟೆ. ಹತ್ತು ನಿಮಿಷಕ್ಕೂ ಅದೇ ದಂಡ, ಮೂರು ಗಂಟೆಗೂ ಅದೇ. ಅಲ್ಗಾರಿದಮ್ ಇದನ್ನು ಮೂಸಿ ಹಿಡಿದು, ವಾಶಿಯ ಅಂಗಡಿಯನ್ನು ಬಲಿಕೊಟ್ಟು, ಉಳಿದದ್ದನ್ನು ನೀಟಾಗಿ ಜೋಡಿಸುತ್ತದೆ. ದಂಡ ನಿಮಿಷದ ಲೆಕ್ಕದಲ್ಲಿರಲಿ.

ಹೆಚ್ಚಿನವರು ಎಡವುವುದು ಎರಡು ಸರದಿ ಬೆರೆಸಿ ಹೊಸದು ಮಾಡುವ ಕ್ರಾಸ್‌ಓವರ್‌ನಲ್ಲಿ. 1 2 3 4 5 6 ಮತ್ತು 4 6 2 1 3 5 ಎಂಬೆರಡು ಸರದಿಗಳನ್ನು ನಡುವೆ ಕತ್ತರಿಸಿ ಅಂಟಿಸಿದರೆ 1 2 3 1 3 5. ಎರಡು ಅಂಗಡಿಗೆ ಎರಡೆರಡು ಸಲ ಹಿಟ್ಟು, 4 ಮತ್ತು 6ಕ್ಕೆ ಏನೂ ಇಲ್ಲ! ಮೊದಲನೆಯದರ 3 4 ಅನ್ನು ಅದರ ಜಾಗದಲ್ಲೇ ಉಳಿಸಿಕೊಂಡು, ಮಿಕ್ಕವನ್ನು ಎರಡನೆಯದರ ಕ್ರಮದಲ್ಲಿ ತುಂಬು: 6 2 3 4 1 5. ಯಾರೂ ಬಿಟ್ಟುಹೋಗಲಿಲ್ಲ.

ಮ್ಯುಟೇಶನ್ನಿಗೆ, ಅಂದರೆ ಒಂದು ಸರದಿಯನ್ನು ಯಾದೃಚ್ಛಿಕವಾಗಿ ಸ್ವಲ್ಪ ಬದಲಿಸುವುದಕ್ಕೆ, ಅದರ ಒಂದು ತುಂಡನ್ನು ಹಿಂದುಮುಂದಾಗಿ ತಿರುಗಿಸಿಡುವ ವಿಧಾನ ಪುಸ್ತಕಗಳಲ್ಲಿ ಸಿಗುತ್ತದೆ. ಮುಂಬಯಿಯ ಒನ್‌ವೇಗಳಲ್ಲಿ ಹೋಗುವ ದೂರವೇ ಬರುವ ದೂರವಲ್ಲ, ಹಾಗಾಗಿ ಆ ತುಂಡಿನ ಇಡೀ ಖರ್ಚನ್ನು ಮತ್ತೆ ಕೂಡಬೇಕು.

100ರ ಪಾಪ್ಯುಲೇಶನ್ (ಒಂದು ತಲೆಮಾರಿನ ಸರದಿಗಳು), 500 ತಲೆಮಾರು, 3ರ ಟೂರ್ನಮೆಂಟ್ (ಯಾವುದೋ ಮೂರನ್ನು ಎತ್ತಿ ಅವುಗಳಲ್ಲಿ ಒಳ್ಳೆಯದನ್ನು ಆರಿಸುವುದು), ಅತ್ಯುತ್ತಮ 2 ಹಾಗೇ ಮುಂದಕ್ಕೆ. ಆರಂಭಕ್ಕೆ ಇಷ್ಟು ಸಾಕು. ಅಂದರೆ ಸುಮಾರು 50,000 ಸಲ ಸರದಿಯ ಖರ್ಚಿನ ಲೆಕ್ಕ. ಪ್ರತಿಸಲ ಮ್ಯಾಪ್ ಸೇವೆಯನ್ನು ಕೇಳಬೇಡ, ಬಿಲ್ಲು ನೋಡಿ ಎದೆ ಒಡೆದೀತು. ವ್ಯಾನು ಹೊರಡುವ ಡಿಪೋ ಸೇರಿ 41 ಜಾಗ, ಒಂದರಿಂದ ಇನ್ನೊಂದಕ್ಕೆ 1,640 ದೂರ. ಮೊದಲೇ ತೆಗೆದು ಕೋಷ್ಟಕದಲ್ಲಿಡು. ಬೇಗನೆ ಎಲ್ಲ ಸರದಿಗಳೂ ಒಂದೇ ಥರ ಆದರೆ ಟೂರ್ನಮೆಂಟನ್ನು 2ಕ್ಕೆ ಇಳಿಸು, ಮ್ಯುಟೇಶನ್ ಏರಿಸು.

ನ್ಯೂರಲ್ ನೆಟ್‌ವರ್ಕಿನ ತೂಕಗಳನ್ನೂ (ಅದು ಕಲಿಯುವಾಗ ತಿದ್ದಿಕೊಳ್ಳುವ ಸಂಖ್ಯೆಗಳು) ಹೀಗೇ ಬೆಳೆಸಲೇ ಅಂತ ಕೇಳಿದ್ದೀ. ಬೇಡ. ಗ್ರೇಡಿಯಂಟ್, ಅಂದರೆ ಯಾವ ಕಡೆ ಬದಲಿಸಿದರೆ ತಪ್ಪು ಇಳಿಯುತ್ತದೆ ಎಂಬ ಲೆಕ್ಕ, ಸಿಗುವಲ್ಲಿ ಅದನ್ನೇ ಬಳಸುವ ಬ್ಯಾಕ್‌ಪ್ರಾಪಗೇಶನ್ನೇ ಬೇಗ. ನಾಸಾ 2006ರಲ್ಲಿ ಹಾರಿಸಿದ ಎಸ್‌ಟಿ5 ನೌಕೆಗಳ ಆಂಟೆನಾದಂಥ ಅಡ್ಡಾದಿಡ್ಡಿ ಬಾಗಿದ ತಂತಿಯ ಆಕಾರ ಹುಡುಕುವಾಗ ವಿಕಾಸಕ್ಕೆ ಬೆಲೆ.

ಒಂದು ಓಟ ನೋಡಿ ಕುಣಿಯಬೇಡ. 30 ಬೇರೆ ಬೇರೆ ಸೀಡ್ (ಯಾದೃಚ್ಛಿಕ ಆಯ್ಕೆಗಳನ್ನು ಶುರುಮಾಡುವ ಸಂಖ್ಯೆ) ಕೊಟ್ಟು ಓಡಿಸಿ ಮಧ್ಯಾಂಕ ತೆಗೆ. ಪಕ್ಕದಲ್ಲೇ, ಅಷ್ಟೇ ಲೆಕ್ಕ ಖರ್ಚುಮಾಡಿ, ಬರೀ ಯಾದೃಚ್ಛಿಕ ಹುಡುಕಾಟವನ್ನೂ ಒಂದೇ ಸರದಿಯನ್ನು ಸ್ವಲ್ಪಸ್ವಲ್ಪವೇ ತಿದ್ದುತ್ತ ಹೋಗುವ ಸರಳ ಲೋಕಲ್ ಸರ್ಚನ್ನೂ ಓಡಿಸು. ಅವುಗಳೆದುರು ಸೋತರೆ ವರದಿಯಲ್ಲಿ ಹಾಗೇ ಬರೆ. ಗೈಡ್ ಮುಖ ಸಿಂಡರಿಸಿದರೂ ಪರವಾಗಿಲ್ಲ.

ಇತಿ,
ದೊಡ್ಡಪ್ಪ