ಎರಡು ರಾತ್ರಿಯ ಅತಿಥಿಗಳು

ಬೇಸಿಗೆ ರಜೆ ಹತ್ತಿರವಾದಂತೆ ಹೊರದೇಶದಲ್ಲಿರುವ ನಮ್ಮ ಕನ್ನಡ ಸಂಘದ ಸದಸ್ಯರ ಮಾತುಕತೆಯೆಲ್ಲ ಪ್ರವಾಸದತ್ತ ಹೊರಳುತ್ತದೆ. ಅಡುಗೆಮನೆಯಿರುವ ಬಾಡಿಗೆ ಕೊಠಡಿ ಯಾವ ಊರಿನಲ್ಲಿ ಅಗ್ಗ, ಪುಳಿಯೋಗರೆ ಗೊಜ್ಜಿನ ಜೊತೆಗೆ ರೈಸ್ ಕುಕ್ಕರನ್ನೂ ಒಯ್ಯಬೇಕೇ ಎಂಬ ಚರ್ಚೆಗಳಲ್ಲಿ ನಾನೂ ಅನೇಕ ವರ್ಷ ಉತ್ಸಾಹದಿಂದ ಪಾಲ್ಗೊಂಡಿದ್ದೇನೆ. ಹೀಗೆ ಹತ್ತಾರು ಊರು ಸುತ್ತಿದರೂ ಅಲ್ಲಿಯವರೊಬ್ಬರ ಮನೆಯ ಹೊಸ್ತಿಲನ್ನು ದಾಟಿರಲಿಲ್ಲವೆಂಬ ಅರಿವು ಮೂಡಿದ್ದು ಕಳೆದ ಜೂನ್‌ನಲ್ಲಿ, ಡೆನ್ಮಾರ್ಕಿನ ಆರ್ಹಸ್ ನಗರದ ನಿವೃತ್ತ ಶಿಕ್ಷಕ ದಂಪತಿಯ ಮನೆಯಲ್ಲಿ ನಾನೂ ನನ್ನ ಹೆಂಡತಿಯೂ ಎರಡು ರಾತ್ರಿ ತಂಗಿದಾಗ.

ಅವರು ನಮಗೆ ಪರಿಚಿತರಲ್ಲ. ಸರ್ವಾಸ್ ಎಂಬ ಸಂಸ್ಥೆಯ ಮೂಲಕ ಒದಗಿದ ಆತಿಥೇಯರು. ಎರಡನೆಯ ಮಹಾಯುದ್ಧ ಮುಗಿದು ಕೆಲವೇ ವರ್ಷಗಳಾಗಿದ್ದ 1949ರಲ್ಲಿ, ಯುದ್ಧವಿರೋಧಿಯಾಗಿದ್ದ ಬಾಬ್ ಲೂಯಿಟ್‌ವೈಲರ್ ಎಂಬ ಅಮೆರಿಕನ್ನರು ಗೆಳೆಯರೊಡನೆ ಸೇರಿ ಡೆನ್ಮಾರ್ಕಿನಲ್ಲಿಯೇ ಇದನ್ನು ಆರಂಭಿಸಿದರು. ಬೇರೆ ಬೇರೆ ದೇಶದ ಜನ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡು ಮಲಗುವಂತಾದರೆ ಶಾಂತಿಗೆ ದಾರಿಯಾಗುತ್ತದೆ ಎಂಬುದು ಇದರ ಹಿಂದಿನ ನಂಬಿಕೆ. ಪ್ರಯಾಣಿಕರನ್ನು ಮೊದಲು ಸಂದರ್ಶಿಸಿ ಪರಿಚಯಪತ್ರ ಕೊಡುತ್ತಾರೆ. ಆತಿಥೇಯರಿಗೆ ಹಣ ಕೊಡುವಂತಿಲ್ಲ. ವಾಸ್ತವ್ಯ ಸಾಮಾನ್ಯವಾಗಿ ಎರಡು ರಾತ್ರಿ. ಇದನ್ನು ಬಿಟ್ಟಿ ವಸತಿಯೆಂದು ತಿಳಿದವರು ಹೋಗದಿರುವುದೇ ಲೇಸು, ಏಕೆಂದರೆ ಸಂಜೆ ಮನೆಯವರೊಡನೆ ಕುಳಿತು ಮಾತನಾಡುವುದೇ ಇಲ್ಲಿಯ ಬಾಡಿಗೆ.

ಅವರ ರಾತ್ರಿಯೂಟ ಸಂಜೆ ಆರಕ್ಕೆ. ಹತ್ತು ಗಂಟೆಯವರೆಗೂ ಬೆಳಕಿರುವ ಆ ತಿಂಗಳಲ್ಲಿ ನಮಗದು ಕಾಫಿಯ ಹೊತ್ತು. ಮಾಂಸ, ಮೊಟ್ಟೆ ತಿನ್ನುವುದಿಲ್ಲವೆಂದು ಮೊದಲೇ ಬರೆದಿದ್ದೆವು, ಮೀನಿನ ಮಾತು ಮರೆತಿದ್ದೆವು. ಹೆರಿಂಗ್ ಮೀನಿನ ತಟ್ಟೆಯನ್ನು ಸಂಕೋಚದಿಂದ ಅತ್ತ ಸರಿಸಿದ ಮೇಲೆ ಉಳಿದದ್ದು ಆಲೂಗಡ್ಡೆ ಮತ್ತು ರೈ ಎಂಬ ಧಾನ್ಯದ ಹಿಟ್ಟಿನ ಕಪ್ಪು ಬ್ರೆಡ್ಡು. ಇನ್ನಷ್ಟು ಬೇಕೇ ಎಂದು ಮನೆಯಾಕೆ ಕೇಳಿದಾಗ, ನಮ್ಮಲ್ಲಿ ಯಾರೇ ಆದರೂ ಹೇಳುವಂತೆ “ಸಾಕು, ಸಾಕು” ಎಂದು, ಉಪಚಾರದ ಎರಡನೆಯ ಸುತ್ತಿಗೆ ಕಾದು ಕುಳಿತೆ. ಪಾತ್ರೆ ಒಳಗೆ ಹೋಯಿತು. ನಮ್ಮ ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಿಂದ ಪಾಯಸ ಇಳಿಯುತ್ತದೆ. ಅವರಿಗೋ ಒಲ್ಲೆನೆಂದವರನ್ನು ಒತ್ತಾಯಿಸುವುದೆಂದರೆ ಅವರ ಮಾತನ್ನು ನಂಬದಿದ್ದಂತೆ. ಆ ರಾತ್ರಿ ಬ್ಯಾಗಿನಲ್ಲಿದ್ದ ಕೋಡುಬಳೆಯೇ ಗತಿಯಾಯಿತು.

ಊಟ ಮುಗಿಸಿ ಏಳುವಾಗ ಅಲ್ಲಿ ಪ್ರತಿಯೊಬ್ಬರೂ, ಮಕ್ಕಳು ಸಹ, ಅಡುಗೆ ಮಾಡಿದವರಿಗೆ “ತಕ್ ಫಾರ್ ಮಾದ್”, ಅಂದರೆ ಊಟಕ್ಕಾಗಿ ಧನ್ಯವಾದ, ಎನ್ನುತ್ತಾರೆ. ನಮ್ಮಲ್ಲೂ “ಅನ್ನದಾತಾ ಸುಖೀಭವ” ಎನ್ನುವುದುಂಟಲ್ಲ ಎಂದು ನಾನು ಹೆಮ್ಮೆಯಿಂದ ವಿವರಿಸುತ್ತಿರುವಾಗ, ಅದು ಅನ್ನ ಹಾಕಿಸಿದ ಯಜಮಾನನಿಗಾಯಿತು, ಒಲೆಯ ಮುಂದೆ ನಿಂತವಳಿಗೆ ಏನು ಹೇಳುತ್ತೀರಿ ಎಂದು ಕೇಳಿದವಳು ಆತಿಥೇಯಳಲ್ಲ, ನನ್ನ ಹೆಂಡತಿ. ಇಂಥ ಪ್ರಶ್ನೆ ಬಾಡಿಗೆ ಕೊಠಡಿಯಲ್ಲಿ ಏಳುತ್ತಿರಲಿಲ್ಲ.

ಮರುದಿನ ಸಂಜೆ ಸಸ್ಯಾಹಾರದ ಬಗೆಗೇ ಮಾತು ಬೆಳೆದಾಗ ನಾನು ಬೆಂಗಳೂರಿನ ಕಥೆಯೊಂದನ್ನು ಹೇಳಿದೆ. ಅಣ್ವಸ್ತ್ರ ವಿರೋಧಿ ಪ್ರತಿಭಟನೆಗಾಗಿ 89ರ ವಯಸ್ಸಿನಲ್ಲಿ ಬ್ರಿಟಿಷ್ ತತ್ತ್ವಜ್ಞಾನಿ ಬರ್ಟ್ರಂಡ್ ರಸೆಲ್ ಸೆರೆಮನೆ ಸೇರಿದ ಸುದ್ದಿಯನ್ನು ಅಲ್ಲಿಯ ಹೋಟೆಲೊಂದರಲ್ಲಿ ಓದಿದ ಸತೀಶ್ ಕುಮಾರ್ ಮತ್ತು ಇ. ಪಿ. ಮೆನನ್ ಎಂಬ ಇಬ್ಬರು ಗಾಂಧಿವಾದಿ ಯುವಕರು, 1962ರಲ್ಲಿ ದೆಹಲಿಯ ರಾಜಘಾಟಿನಿಂದ ಮಾಸ್ಕೋ, ಪ್ಯಾರಿಸ್, ಲಂಡನ್, ವಾಷಿಂಗ್ಟನ್‌ಗಳಿಗೆ ಶಾಂತಿಯಾತ್ರೆ ಹೊರಟರು. ಹಣ ಒಯ್ಯಬೇಡಿ, ಸಸ್ಯಾಹಾರ ಬಿಡಬೇಡಿ ಎಂದು ವಿನೋಬಾ ಭಾವೆ ಆ ಇಬ್ಬರಿಗೂ ಹೇಳಿದ್ದರು. ಹಣವಿಲ್ಲದವನು ಯಾರದಾದರೂ ಮನೆಯ ಬಾಗಿಲು ತಟ್ಟಲೇಬೇಕು; ಬಡಿಸಿದ್ದನ್ನು ಒಲ್ಲೆನೆಂದವನು ಏಕೆಂದು ಹೇಳಲೇಬೇಕು. ನಮ್ಮ ಹೆರಿಂಗ್ ಪ್ರಸಂಗಕ್ಕೂ ಇಷ್ಟು ಘನವಾದ ಸಮರ್ಥನೆ ಸಿಕ್ಕಿತೆಂದು ಮನೆಯಾತ ನಕ್ಕರು.

ಊರಿನಿಂದ ಬಂದವರು ದೂರದ ನೆಂಟರ ಹೆಸರು ಹೇಳಿದರೂ ಸಾಕು, ವಾರಗಟ್ಟಲೆ ಇರಿಸಿಕೊಳ್ಳುವ ನಾವು, ಈ ದೇಶದವರನ್ನು ದೀಪಾವಳಿಯ ಸಭಾಂಗಣಕ್ಕೆ ಕರೆಯುತ್ತೇವೆಯೇ ಹೊರತು ಮನೆಯಲ್ಲಿ ಮಲಗಿಸಿಕೊಂಡದ್ದು ಅಪರೂಪ. ಈ ಮಾತು ಮೊದಲು ನನಗೇ ಅನ್ವಯಿಸುತ್ತದೆ. ಮುಂದಿನ ತಿಂಗಳು ಆ ದಂಪತಿ ಎರಡು ರಾತ್ರಿ ನಮ್ಮಲ್ಲಿ ಉಳಿಯಲಿದ್ದಾರೆ. ಅವರಿಗೆ ಒಂದೇ ಸಲ ಕೇಳಿ ಪಾತ್ರೆ ಒಳಗಿಡುವುದೋ, ಕೈ ಅಡ್ಡ ಬಂದರೂ ಬಡಿಸುವುದೋ ಎಂಬ ವಿಷಯದಲ್ಲಿ ನಮ್ಮ ಮನೆಯಲ್ಲಿ ಇನ್ನೂ ಒಮ್ಮತವಾಗಿಲ್ಲ.