ಹತ್ತು ಗಂಟೆಯ ಕಾಲ್‌ಶೀಟ್

ಚಿ. ಪುಟ್ಟಿಗೆ,
ಅಪ್ಪನ ಆಶೀರ್ವಾದಗಳು.

ಕಳೆದ ವಾರ ಫೋನಿನಲ್ಲಿ ನೀನು ಹೇಳಿದ ಮಾತು ತಲೆಯಿಂದ ಹೋಗುತ್ತಿಲ್ಲ. ಬೆಳಗ್ಗೆ ಆರಕ್ಕೆ ಸೆಟ್ಟಿಗೆ ಹೋದವಳು ರಾತ್ರಿ ಒಂದಕ್ಕೆ ರೂಮು ಸೇರಿದೆ, ಮತ್ತೆ ಆರಕ್ಕೇ ಕಾಲ್‌ಶೀಟ್ ಎಂದೆ. ನಾನು ಬೇಸರಪಟ್ಟುಕೊಂಡರೆ, ‘ದೊಡ್ಡ ನಿರ್ದೇಶಕರೆಲ್ಲ ಹೀಗೆಯೇ ಅಪ್ಪಾ, ಸಿನಿಮಾ ಎಂದರೆ ತಪಸ್ಸು’ ಎಂದು ನನಗೇ ಸಮಾಧಾನ ಹೇಳಿದೆ. ಆಗ ನಿನಗೆ ನಿದ್ದೆ ಬೇಕಿತ್ತು, ಅದಕ್ಕೇ ಸುಮ್ಮನಾದೆ. ಈಗ ಜಗಳ ಆಡುತ್ತೇನೆ. ಸಾಕ್ಷಿಗೆ ನೀನೇ ನನಗೆ ಪರಿಚಯ ಮಾಡಿಸಿದವಳನ್ನು ಕರೆಯುತ್ತೇನೆ: ಟೊರಾಂಟೊದ ನಟಿ, ನಿರ್ದೇಶಕಿ ಸಾರಾ ಪಾಲಿ.

ಅವಳ ‘ವಿಮೆನ್ ಟಾಕಿಂಗ್’ ಸಿನಿಮಾ ನೋಡಿ ಎಂದು ನೀನು ಹೇಳಿ ಹೋದೆ. ನಿವೃತ್ತನಾದವನಿಗೆ ಒಂದು ಎಳೆ ಸಿಕ್ಕರೆ ಸಾಕು, ಗಂಟು ಕಾಣುವವರೆಗೂ ಬಿಡುವುದಿಲ್ಲ. ಅವಳು ನಟಿಸಿದ್ದು, ನಿರ್ದೇಶಿಸಿದ್ದು ಸಿಕ್ಕಷ್ಟೂ ನೋಡಿದೆ. 2022ರಲ್ಲಿ ಬಂದ ಅವಳ ಪ್ರಬಂಧಗಳ ಪುಸ್ತಕವನ್ನೂ ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದಿದೆ. ಶಾಟ್, ಲೆನ್ಸ್ ನಿನ್ನ ವಿಷಯ. ನನ್ನ ಕಣ್ಣು ಹೋದದ್ದು ಕೆಲಸದ ಅವಧಿಯ ಕಡೆಗೆ. ಡಿಪೊದಲ್ಲಿ ಚಾಲಕ, ನಿರ್ವಾಹಕರಿಗೆ ಡ್ಯೂಟಿ ಹಾಕುತ್ತಲೇ ತಲೆ ಬೆಳ್ಳಗಾದವನು ಇನ್ನೇನನ್ನು ನೋಡುತ್ತಾನೆ?

ಅವಳು ಹುಟ್ಟಿದ್ದು 1979ರ ಜನವರಿಯಲ್ಲಿ. ಅಪ್ಪ ಮೈಕೆಲ್ ಇಂಗ್ಲೆಂಡಿನಿಂದ ಕೆನಡಾಕ್ಕೆ ಬಂದ ನಟ. ಅಮ್ಮ ಡಯೇನ್ ನಟಿ, ಸಿನಿಮಾಗಳಿಗೆ ಪಾತ್ರಧಾರಿಗಳನ್ನು ಆರಿಸಿಕೊಡುವುದೂ ಅವರ ಕಸುಬು. ಅಂಥ ಮನೆಯ ಮಗು ಕ್ಯಾಮೆರಾ ಮುಂದೆ ನಿಂತದ್ದರಲ್ಲಿ ಆಶ್ಚರ್ಯವಿಲ್ಲ. ಎಂಟರ ಸುಮಾರಿಗೆ ನಿರ್ದೇಶಕ ಟೆರ್ರಿ ಗಿಲಿಯಂನ ‘ದಿ ಅಡ್ವೆಂಚರ್ಸ್ ಆಫ್ ಬ್ಯಾರನ್ ಮುನ್‌ಚಾಸನ್’ ಸಿನಿಮಾಕ್ಕೆಂದು ಯುರೋಪಿಗೆ ಹೋದಳು. ಬಜೆಟ್ ಕೈಮೀರಿ ಕುಖ್ಯಾತವಾದ ಸಿನಿಮಾ ಅದು. ತೆರೆಯ ಮೇಲೆ ನೋಡಿದರೆ ಯುದ್ಧ, ಫಿರಂಗಿ, ಹೊಗೆ, ನಡುವೆ ಓಡುವ ಒಂದು ಪುಟ್ಟ ಹುಡುಗಿ. ಚೆಂದವೇ ಇದೆ. ಆದರೆ ಆ ಸ್ಫೋಟಗಳು ನಡೆದದ್ದು ತನ್ನ ಮೈ ಪಕ್ಕದಲ್ಲೇ, ಕೊರೆಯುವ ನೀರಿನಲ್ಲಿ ಹೊತ್ತುಗಟ್ಟಲೆ ಇರಬೇಕಾಗಿತ್ತು, ಕೆಲಸಕ್ಕೆ ಕೊನೆಯೇ ಇರಲಿಲ್ಲ ಎಂದು ಅವಳು ದೊಡ್ಡವಳಾದ ಮೇಲೆ ಹೇಳಿಕೊಂಡಿದ್ದಾಳೆ. ನಿರ್ದೇಶಕನಿಗೇ ಪತ್ರ ಬರೆದು ಕೇಳಿದ್ದೂ ಉಂಟು.

ಪುಸ್ತಕದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಸ್ಫೋಟದ ಸಂಗತಿಗಿಂತ ಹೆಚ್ಚಾಗಿ ಅಪ್ಪ ಅಮ್ಮನ ಸಂಗತಿ. ಅವರು ಕ್ರೂರಿಗಳಲ್ಲ. ಮಗಳು ಹೆದರಿದ್ದು ಗೊತ್ತಾಗದಷ್ಟು ದಡ್ಡರೂ ಅಲ್ಲ. ಮಹಾನ್ ಪ್ರತಿಭಾವಂತನ ಸೆಟ್ಟಿನಲ್ಲಿದ್ದೇವೆ ಎಂಬ ಭಕ್ತಿ ಬಾಯಿ ಕಟ್ಟಿತು, ಅಷ್ಟೆ. ಪ್ರತಿಭಾವಂತ ಎಂದರೆ ಸ್ವಲ್ಪ ಹುಚ್ಚನಿರಬೇಕು, ಹುಚ್ಚನ ಆಟಕ್ಕೆ ಉಳಿದವರು ಮೈಯೊಡ್ಡಬೇಕು ಎಂಬ ನಂಬಿಕೆಯನ್ನು ಅವಳು ಆ ಪ್ರಬಂಧದಲ್ಲಿ ಪದರ ಪದರವಾಗಿ ಬಿಚ್ಚುತ್ತಾಳೆ. ನೀನು ‘ತಪಸ್ಸು’ ಎಂದಾಗ ನನಗೆ ನೆನಪಾದದ್ದು ಆ ಪುಟಗಳೇ. ನಮ್ಮ ಪುರಾಣಗಳಲ್ಲಿ ತಪಸ್ಸು ಮಾಡುವವನು ತನ್ನ ಮೈಯನ್ನು ದಂಡಿಸಿಕೊಳ್ಳುತ್ತಾನೆ. ಲೈಟ್‌ಬಾಯ್‌ಗಳ ಮೈ ದಂಡಿಸಿ ತಾನು ವರ ಪಡೆದ ಋಷಿ ಒಬ್ಬನೂ ಇಲ್ಲ.

ಅವಳ ಹನ್ನೊಂದನೆಯ ಹುಟ್ಟುಹಬ್ಬದ ವಾರದಲ್ಲೇ ಅಮ್ಮ ಕ್ಯಾನ್ಸರಿನಿಂದ ತೀರಿಕೊಂಡರು. ಅದೇ ತಿಂಗಳು ಕೆನಡಾದ ಟಿವಿಯಲ್ಲಿ ‘ರೋಡ್ ಟು ಏವನ್‌ಲೀ’ ಧಾರಾವಾಹಿ ಶುರುವಾಯಿತು. ಅದರಲ್ಲಿ ಅವಳದು ತಾಯಿಯಿಲ್ಲದ ಹುಡುಗಿಯ ಪಾತ್ರ. ದೇಶವೆಲ್ಲ ಅವಳನ್ನು ಮುದ್ದು ಮಾಡಿತು. ಆದರೆ ಮುದ್ದಿಗೆ ಬಗ್ಗುವ ಮಗುವಾಗಿರಲಿಲ್ಲ ಅದು. ಕೊಲ್ಲಿ ಯುದ್ಧದ ಕಾಲದಲ್ಲಿ, ಹನ್ನೆರಡರ ವಯಸ್ಸಿನಲ್ಲಿ, ಪ್ರಶಸ್ತಿ ಸಮಾರಂಭಕ್ಕೆ ಶಾಂತಿಯ ಚಿಹ್ನೆ ಧರಿಸಿ ಹೋದಳು. ಆ ಧಾರಾವಾಹಿಯನ್ನು ಅಮೆರಿಕದಲ್ಲಿ ತೋರಿಸುತ್ತಿದ್ದ ಡಿಸ್ನಿಯ ಅಧಿಕಾರಿಗಳು ತೆಗೆ ಎಂದರೂ ತೆಗೆಯಲಿಲ್ಲ. 1995ರಲ್ಲಿ ಒಂಟಾರಿಯೊ ಸರ್ಕಾರದ ವಿರುದ್ಧ ಪ್ರತಿಭಟನೆಗೆ ಹೋಗಿ, ಪೊಲೀಸರ ಏಟಿಗೆ ದವಡೆ ಹಲ್ಲು ಕಳೆದುಕೊಂಡಳು. (ಇದನ್ನು ಓದಿ ಹೇಳಿದಾಗ ನಿನ್ನ ಅಮ್ಮ, ‘ನಮ್ಮ ಪುಟ್ಟಿಗೆ ಇದನ್ನೆಲ್ಲ ಬರೆಯಬೇಡಿ’ ಎಂದಳು. ಬರೆದಿದ್ದೇನೆ.)

1997ರ ‘ದಿ ಸ್ವೀಟ್ ಹಿಯರ್‌ಆಫ್ಟರ್’ ನೋಡಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆಟಮ್ ಇಗೋಯನ್ ನಿರ್ದೇಶನ. ಶಾಲಾ ಬಸ್ಸೊಂದು ರಸ್ತೆಯಿಂದ ಜಾರಿ ಹೆಪ್ಪುಗಟ್ಟಿದ ಕೆರೆಯ ಮೇಲೆ ನಿಲ್ಲುತ್ತದೆ, ಆಮೇಲೆ ಮಂಜುಗಡ್ಡೆ ಒಡೆದು ಮಕ್ಕಳ ಸಮೇತ ಮುಳುಗುತ್ತದೆ. ಬದುಕುಳಿದ ಹುಡುಗಿ ಸಾರಾ, ಗಾಲಿಕುರ್ಚಿಯಲ್ಲಿ. ವಕೀಲರ ಎದುರು ಹೇಳಿಕೆ ಕೊಡುವಾಗ, ಬಸ್ಸು ಅತಿ ವೇಗವಾಗಿತ್ತು ಎನ್ನುತ್ತಾಳೆ. ಅದು ಸುಳ್ಳು. ತಪ್ಪು ಚಾಲಕಿಯದೆಂದಾದರೆ ದಾವೆಯೇ ಬಿದ್ದುಹೋಗುತ್ತದೆ; ತನಗೆ ಕೆಡುಕು ಮಾಡಿದ ಅಪ್ಪನಿಗೆ ಪರಿಹಾರದ ದುಡ್ಡು ದಕ್ಕದಿರಲಿ ಎಂದು ಹೇಳಿದ ಸುಳ್ಳು. ಹೇಳುವಾಗ ಮುಖದ ಒಂದು ಗೆರೆಯೂ ಅಲುಗುವುದಿಲ್ಲ, ದನಿ ಏರುವುದಿಲ್ಲ. ಎದುರಿಗೆ ಕುಳಿತ ಅಪ್ಪನಿಗೆ ಮಾತ್ರ ಅರ್ಥವಾಗುತ್ತದೆ. ನಾನು ಕುಳಿತಲ್ಲೇ ‘ಅಯ್ಯೋ, ಡ್ರೈವರ್ ಗತಿ ಏನು!’ ಎಂದು ಕೂಗಿದೆ. ಅಪಘಾತವಾದ ಕೂಡಲೇ ವೇಗ ಎಂದು ಬರೆದು ಕಡತ ಮುಚ್ಚುವುದನ್ನು ಕಂಡವನಿಗೆ ಅಲ್ಲಿ ಕಲೆಗಿಂತ ಮೊದಲು ಕಾಣುವುದು ಆ ಚಾಲಕಿಯೇ. ಆದರೂ ಆ ಹುಡುಗಿಯ ಮೇಲೆ ಸಿಟ್ಟು ಬರುವುದಿಲ್ಲ. ಕಣ್ಣೀರಿಲ್ಲದೆ, ಕೂಗಾಟವಿಲ್ಲದೆ ಅದನ್ನು ಹದಿನೆಂಟರ ಹುಡುಗಿ ಹೇಗೆ ಮಾಡಿದಳೋ. ಆ ಸಿನಿಮಾಕ್ಕೆ ಕಾನ್ ಚಿತ್ರೋತ್ಸವದ ಗ್ರಾಂಡ್ ಪ್ರೀ ಪ್ರಶಸ್ತಿ ಬಂತು.

ಹಾಲಿವುಡ್ಡಿನ ಬಾಗಿಲು ತೆರೆದಿತ್ತು. ‘ಆಲ್ಮೋಸ್ಟ್ ಫೇಮಸ್’ ಸಿನಿಮಾದ ದೊಡ್ಡ ಪಾತ್ರವನ್ನು ಬಿಟ್ಟು ಬಂದಳು. ಜೋಂಬಿಗಳ ಸಿನಿಮಾ ಒಂದರಲ್ಲೂ ಇದ್ದಾಳೆ, ಅರ್ಧಕ್ಕೇ ನಿಲ್ಲಿಸಿದೆ, ನಿನ್ನ ಅಮ್ಮ ಹೆದರಿದಳು. ಅವಳ ನಿಜವಾದ ಆಸೆ ಕ್ಯಾಮೆರಾದ ಹಿಂದಿತ್ತು. ಐಸ್‌ಲ್ಯಾಂಡಿನಲ್ಲಿ ಜೂಲಿ ಕ್ರಿಸ್ಟಿ ಜೊತೆ ನಟಿಸಿ ವಿಮಾನದಲ್ಲಿ ಮರಳುವಾಗ ಆಲಿಸ್ ಮನ್ರೋ ಅವರ ಕಥೆಯೊಂದನ್ನು ಓದಿದಳು. 44 ವರ್ಷ ಸಂಸಾರ ಮಾಡಿದ ದಂಪತಿ, ಹೆಂಡತಿಗೆ ಮರೆವಿನ ಕಾಯಿಲೆ, ಆರೈಕೆ ಕೇಂದ್ರಕ್ಕೆ ಸೇರಿದ ಮೇಲೆ ಆಕೆಗೆ ಗಂಡ ಯಾರೋ ಆಗುತ್ತಾನೆ. ಅದೇ 2006ರ ‘ಅವೇ ಫ್ರಮ್ ಹರ್’ ಆಯಿತು. ಜೂಲಿ ಕ್ರಿಸ್ಟಿಯೇ ನಾಯಕಿ. ಮೂವತ್ತು ತುಂಬದ ಹುಡುಗಿ ಮುಪ್ಪನ್ನು ಅಷ್ಟು ತಾಳ್ಮೆಯಿಂದ ನೋಡಿದ್ದಾಳೆ. ಮೊದಲ ಪೂರ್ಣ ಪ್ರಮಾಣದ ಸಿನಿಮಾದ ಚಿತ್ರಕಥೆಗೇ ಆಸ್ಕರ್ ನಾಮನಿರ್ದೇಶನ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು 2012ರ ಸಾಕ್ಷ್ಯಚಿತ್ರ ‘ಸ್ಟೋರೀಸ್ ವಿ ಟೆಲ್’. ಇವಳು ಅಪ್ಪನನ್ನು ಹೋಲುವುದಿಲ್ಲ ಎಂಬುದು ಅವರ ಮನೆಯ ಹಳೆಯ ತಮಾಷೆಯಾಗಿತ್ತು. ಕಡೆಗೆ ಡಿಎನ್‌ಎ ಪರೀಕ್ಷೆಯಲ್ಲಿ ತಮಾಷೆ ನಿಜವಾಯಿತು. ಹೆತ್ತ ಅಪ್ಪ ಮಾಂಟ್ರಿಯಲ್ಲಿನ ನಿರ್ಮಾಪಕ ಹ್ಯಾರಿ ಗುಲ್ಕಿನ್. ಯಾರಾದರೂ ಮುಚ್ಚಿಡುವ ವಿಷಯ. ಇವಳು ಅಪ್ಪ, ಅಣ್ಣಂದಿರು, ಅಕ್ಕಂದಿರು, ಅಮ್ಮನ ಗೆಳೆಯರು, ಕೊನೆಗೆ ಹ್ಯಾರಿಯನ್ನೂ ಕ್ಯಾಮೆರಾ ಮುಂದೆ ಕೂರಿಸಿ, ಮೊದಲಿನಿಂದ ಹೇಳಿ ಎಂದು ಕೇಳುತ್ತಾಳೆ. ಮೈಕೆಲ್ ತಾನು ಬರೆದುಕೊಂಡದ್ದನ್ನು ರೆಕಾರ್ಡಿಂಗ್ ಕೋಣೆಯಲ್ಲಿ ಮೈಕಿನ ಮುಂದೆ ಓದುತ್ತಾನೆ. ಹೆಂಡತಿಯ ಗುಟ್ಟನ್ನು ತನ್ನ ಬಾಯಿಂದಲೇ ಓದುವ ಗಂಡ. ಗಾಜಿನಾಚೆ ಮಗಳು ಕುಳಿತು, ‘ಅಪ್ಪಾ, ಆ ಸಾಲನ್ನು ಇನ್ನೊಮ್ಮೆ ಓದುತ್ತೀರಾ’ ಎನ್ನುತ್ತಾಳೆ. ಆತ ಮರುಮಾತಿಲ್ಲದೆ ಓದುತ್ತಾನೆ. ನಾನು ಮೂರು ಸಲ ಹಿಂದಕ್ಕೆ ಹಾಕಿ ನೋಡಿದೆ. ಕೆಲಸ ಮಾಡಿಸುವುದೆಂದರೆ ಹೀಗೂ ಇದೆಯಲ್ಲ ಎನಿಸಿತು. ಅಲ್ಲಿ ಬರುವ, ಹಿಂದೆ ಮನೆಮಂದಿಯೇ ತೆಗೆಯುತ್ತಿದ್ದಂಥ ಮಸುಕು ಸೂಪರ್ 8 ರೀಲುಗಳಲ್ಲಿ ಕೆಲವು ಮಾತ್ರ ನಿಜವಾದವು, ಉಳಿದವನ್ನು ನಟರನ್ನಿಟ್ಟು ಹೊಸದಾಗಿ ಚಿತ್ರಿಸಿದ್ದು. ಅದನ್ನು ಕಡೆಯಲ್ಲಿ ಅವಳೇ ತೋರಿಸಿಬಿಡುತ್ತಾಳೆ. ನಿನ್ನ ಅಮ್ಮ ಇದು ಮೋಸ ಎಂದಳು. ಮನೆಯವರು ಹೇಳುವ ನೆನಪುಗಳೂ ಅರ್ಧ ಹಾಗೆಯೇ ಅಲ್ಲವೇ ಎಂದು ನಾನು. ಊಟದವರೆಗೂ ವಾದ ಮುಗಿಯಲಿಲ್ಲ.

2015ರಲ್ಲಿ ಸಮುದಾಯ ಕೇಂದ್ರವೊಂದರಲ್ಲಿ ಕಳೆದುಹೋದ ವಸ್ತುಗಳ ಪೆಟ್ಟಿಗೆಯೊಳಗೆ ಬಗ್ಗಿ ನೋಡುವಾಗ, ಮೇಲೆ ತೂಗುಹಾಕಿದ್ದ ಅಗ್ನಿಶಾಮಕ ಸಿಲಿಂಡರ್ ಅವಳ ತಲೆಗೆ ಬಡಿಯಿತು. ಮಿದುಳಿಗೆ ಏಟು. ಬೆಳಕು, ಸದ್ದು, ಯಾವುದನ್ನೂ ತಾಳಲಾಗದೆ ವರ್ಷಗಟ್ಟಲೆ ಕೆಲಸ ನಿಂತಿತು. ನಿರ್ದೇಶಿಸಬೇಕಿದ್ದ ‘ಲಿಟಲ್ ವಿಮೆನ್’ ಸಿನಿಮಾವನ್ನು ಕೈಬಿಡಬೇಕಾಯಿತು. ಕೊನೆಗೆ ಪಿಟ್ಸ್‌ಬರ್ಗಿನ ವೈದ್ಯರೊಬ್ಬರು, ಯಾವುದರಿಂದ ತಲೆ ಸಿಡಿಯುತ್ತದೋ ಅದರತ್ತಲೇ ಹೋಗು ಎಂದರು. ‘ರನ್ ಟುವರ್ಡ್ಸ್ ದ ಡೇಂಜರ್’ ಎಂಬ ಪುಸ್ತಕದ ಹೆಸರು ಬಂದದ್ದು ಅಲ್ಲಿಂದ. ನಿನ್ನ ನಿರ್ದೇಶಕರು ಈ ಹೆಸರನ್ನು ಕೇಳಿದರೆ ಕುಣಿದಾಡಿಯಾರು. ಅವರಿಗೆ ಹೇಳು: ನಲವತ್ತರ ಹತ್ತಿರದ ಹೆಂಗಸು ವೈದ್ಯರನ್ನು ಕೇಳಿ ತಾನಾಗಿ ಓಡಿದ್ದು ಬೇರೆ, ಎಂಟರ ಮಗುವನ್ನು ಸಿಡಿಮದ್ದಿನ ನಡುವೆ ಓಡಿಸಿದ್ದು ಬೇರೆ.

ಈಗ ‘ವಿಮೆನ್ ಟಾಕಿಂಗ್’ಗೆ ಬಾ. ಮಿರಿಯಮ್ ಟೇವ್ಸ್ ಅವರ ಕಾದಂಬರಿ, ಅದರ ಹಿಂದೆ ಬೊಲಿವಿಯಾದಲ್ಲಿ ಮೆನೊನೈಟ್ ಎಂಬ ಕ್ರೈಸ್ತ ಪಂಗಡದ ವಸಾಹತಿನಲ್ಲಿ ಹೆಂಗಸರ ಮೇಲೆ ನಡೆದ ನಿಜವಾದ ಅತ್ಯಾಚಾರಗಳು. ಹುಲ್ಲಿನ ಅಟ್ಟದಲ್ಲಿ ಕುಳಿತ ಹೆಂಗಸರು ಸುಮ್ಮನಿರುವುದೋ, ನಿಂತು ಹೋರಾಡುವುದೋ, ಊರು ಬಿಡುವುದೋ ಎಂದು ಚರ್ಚಿಸುತ್ತಾರೆ. ದಿನವೂ ಅದೇ ನೋವಿನ ಮಾತುಗಳನ್ನು ನಟರು ಆಡಬೇಕು. ಸಾರಾ ಸೆಟ್ಟಿನಲ್ಲಿ ಮನಶ್ಶಾಸ್ತ್ರಜ್ಞೆಯೊಬ್ಬರನ್ನು ಇಟ್ಟಳು. ಕೆಲಸ ದಿನಕ್ಕೆ ಹತ್ತೇ ತಾಸು ಎಂದು ಮಿತಿ ಹಾಕಿದಳು, ಮಕ್ಕಳಿದ್ದವರು ಮಕ್ಕಳು ಮಲಗುವ ಹೊತ್ತಿಗೆ ಮನೆ ಸೇರಲಿ ಎಂದು. ಫಲವೇನು ಎಂದು ನೀನು ಕೇಳುವೆ. 2023ರ ಮಾರ್ಚಿನಲ್ಲಿ ಆ ಚಿತ್ರಕಥೆಗೆ ಆಸ್ಕರ್.

ಹತ್ತು ಗಂಟೆ ಎಂದು ಓದಿದಾಗ ನನಗೆ ನಗು ಬಂತು. ನಮ್ಮ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ ದಿನಕ್ಕೆ ಎಂಟು ಗಂಟೆ, ದೂರದ ಮಾರ್ಗವಾದರೆ ಹತ್ತರವರೆಗೆ ಎಂದಿತ್ತು. ಅದಕ್ಕೆ ಮೇಲೆ ಸ್ಟಿಯರಿಂಗ್ ಹಿಡಿದವನ ಕಣ್ಣು ಎಲ್ಲಿ ಹೋಗುತ್ತದೆ ಎಂದು ಕಾಯ್ದೆ ಬರೆದವರಿಗೂ ಗೊತ್ತಿತ್ತು, ನನಗೂ ಗೊತ್ತು. ಹದಿನೆಂಟು ಗಂಟೆ ನಿಂತ ನಿನ್ನ ಲೈಟ್‌ಬಾಯ್ ಏಣಿಯ ಮೇಲಿದ್ದಾನೆ. ಕೆಳಗೆ ನೀನಿದ್ದೀಯ.

ಒಂದು ತಮಾಷೆ ಹೇಳಬೇಕು. ಆಸ್ಕರ್ ಬಂದ ಕೆಲವೇ ದಿನಕ್ಕೆ, ಏಪ್ರಿಲ್ ಒಂದರಂದು, ಅವಳ ಹನ್ನೊಂದರ ಮಗು ಅಕಾಡೆಮಿಯ ಹೆಸರಿನಲ್ಲಿ ಅಮ್ಮನಿಗೊಂದು ಪತ್ರ ಬರೆಯಿತು: ಪ್ರಶಸ್ತಿ ತಪ್ಪಿ ನಿಮಗೆ ಬಂದಿದೆ, ವಿಷಾದದಿಂದ ತಿಳಿಸುತ್ತಿದ್ದೇವೆ, ವಾಪಸು ಕಳುಹಿಸಿ ಎಂದು. ಸಾರಾ ಅದನ್ನು ಲೋಕಕ್ಕೆಲ್ಲ ತೋರಿಸಿದಳು. ಆ ಮನೆಯಲ್ಲಿ ಭಕ್ತಿಗೆ ಜಾಗವಿಲ್ಲ ಎಂದು ನನಗೆ ಖುಷಿಯಾಯಿತು.

ಕೆಲಸ ಬಿಡು ಎಂದು ನಾನು ಹೇಳುತ್ತಿಲ್ಲ. ನಿನ್ನ ಕಿರುಚಿತ್ರ ಬರುವ ತಿಂಗಳು ಎಂದಿದ್ದೆಯಲ್ಲ. ಎಷ್ಟು ದೃಶ್ಯ, ಎಷ್ಟು ಜನ, ಯಾವ ಯಾವ ಜಾಗ, ಪಟ್ಟಿ ಕಳುಹಿಸು. ಊಟ, ಚಹಾ, ಮನೆಗೆ ಹೋಗುವ ವ್ಯಾನು ಸೇರಿಸಿ ಡ್ಯೂಟಿ ನಾನು ಹಾಕಿಕೊಡುತ್ತೇನೆ. ಹತ್ತು ಗಂಟೆಗೆ ಮೀರಿದರೆ ಸಹಿ ಹಾಕುವುದಿಲ್ಲ.

ಇತಿ,
ನಿನ್ನ ಅಪ್ಪ